ದ್ವಿತೀಯಾ ವಿಭಕ್ತಿ

ಕುರಿಕೊಬ್ಬಿನ ವಾಸನೆ, ಜೇನುಮೇಣದ್ದಲ್ಲ, ಮಠದವರು ಮುಂದಿನ ಸಾಲಿಗೆ ಮಾತ್ರ ಮೇಣದ ಬತ್ತಿ ಹಚ್ಚಿ ಹಿಂದೆ ಕೂತವರಿಗೆ ಇಷ್ಟೇ ಸಾಕೆಂದು ಕೊಬ್ಬಿನದನ್ನು ಉರಿಸಿದ್ದಾರೆ, ಇರಲಿ, ಹಿಂದೆಯೇ ಕೂರುತ್ತೇನೆಂದು ಹಟ ಹಿಡಿದವರು ಉಬಾಲ್ದೋ ಮೇಷ್ಟ್ರೇ, ಈ ಕಂಬದ ಮರೆಯಲ್ಲಿ, ಮಗಳ ಕಣ್ಣಿಗೆ ಬೀಳಬಾರದು — ಬೀಳಬಾರದೆಂದಿದ್ದರೆ ಬಂದದ್ದಾದರೂ ಏಕೆ, ತಂಗಿ ತೆಸ್ಸಾ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು, ಅಣ್ಣ, ಹೋದ ವರ್ಷ ಕೂದ್ಲು ಕತ್ತರಿಸಿ ಬಿಳೀ ಮುಸುಕು ಹಾಕೋ ದಿನ ಬರ್ಲಿಲ್ಲ, ಆಯ್ತು, ಇವತ್ತು ಕರೀ ಮುಸುಕು ಹಾಕ್ತಾರೆ, ಇನ್ನು ಪೂರ್ತಿ ಸನ್ಯಾಸಿನಿ, ಇವತ್ತಿಂದ ಅವಳು ಹೊರಗೆ ಬರಲ್ಲ, ಸತ್ರೂ ಬರಲ್ಲ, ಅಲ್ಲೇ ಹೂಳ್ತಾರೆ, ಅಂಗಿ ಹಾಕ್ಕೊ, ಎಂದಳು, ಹಾಕಿಕೊಂಡರು, ಗುಂಡಿ ತಪ್ಪಿಸಿ ಹಾಕಿಕೊಂಡರು, ಅವಳೇ ಬಿಚ್ಚಿ ಸರಿಮಾಡಿದಳು, ಅರ್ಧ ಲುಕ್ಕಾ ಊರಿಗೆ ಲ್ಯಾಟಿನ್ ಹೇಳ್ಕೊಟ್ಟಿದೀಯ, ಗುಂಡಿ ಹಾಕೋಕೆ ಬರಲ್ಲ. ಈಗ ಜಾಲರಿಯ ಆಚೆ ಹಾಡು ಶುರುವಾಗಿದೆ, ಹೆಂಗಸರ ಸಣ್ಣ ದನಿಗಳು, ಅದರಲ್ಲಿ ಮಗಳು ದಿಯಾನೋರಾಳ ದನಿ ಯಾವುದು, ಹುಡುಕಬಾರದು, ಹುಡುಕುತ್ತಿದ್ದಾರೆ, ಕಬ್ಬಿಣದ ಚಿಕ್ಕ ಬಾಗಿಲು ತೆರೆಯಿತು, ಬಂದಳು, ಬಿಳಿ ಮುಸುಕು, ಮುಖ ಸೊರಗಿದೆ, ನಡಿಗೆ ಅವಳ ತಾಯಿಯದು, ಎಡಗಾಲನ್ನು ಒಂದಿಷ್ಟು ತಡೆದು ಇಡುವುದು, ತಾಯಿ ಪ್ಲೇಗಿನಲ್ಲಿ ಹೋದಾಗ ಇವಳಿಗೆ ಆರು ವರ್ಷ, ಆರು ವರ್ಷದ ಹೆಣ್ಣುಮಗುವಿನ ಜೊತೆ ಗಂಡಸು ಏನು ಮಾತಾಡಬೇಕು, ಗೊತ್ತಿರಲಿಲ್ಲ, ಗೊತ್ತಿದ್ದದ್ದು ವ್ಯಾಕರಣ, ಅದನ್ನೇ ಕೊಟ್ಟರು, ಹನ್ನೊಂದನೇ ವಯಸ್ಸಿಗೆ ಲ್ಯಾಟಿನ್ ಮುಗಿಸಿ ಗ್ರೀಕ್ ಕೇಳಿದಳು, ನೆರೆಯವರು ನಕ್ಕರು, ಮೇಷ್ಟ್ರೇ, ಇವಳನ್ನ ಪಾದ್ರಿ ಮಾಡ್ತೀರಾ, ಮದುವೆ ಮಾಡ್ತೀರಾ.

ಅಣ್ಣ, ಇಲ್ಲಿ ಬಾ, ಈ ಕಡೆ ಜರುಗು, ಕಾಣತ್ತೆ, ಎಂದು ತೆಸ್ಸಾ ತೋಳು ಎಳೆಯುತ್ತಾಳೆ, ಅವರು ಜರುಗುವುದಿಲ್ಲ, ಕೊಬ್ಬಿನ ಬತ್ತಿ ಚಟಚಟ ಎನ್ನುತ್ತದೆ, ಚರ್ಮದ ಹಾಳೆ ಸುಡುವಾಗಲೂ ಇದೇ ವಾಸನೆ, ಅದೂ ಕುರಿಯೇ ತಾನೆ, ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದಾಗ ಓಡಿಬಂದ ಮುದುಕನೊಬ್ಬ ಬಟ್ಟೆಗಂಟಿನಲ್ಲಿ ತಂದಿದ್ದ ಕಾವ್ಯ, ಬರೆದವನ ಹೆಸರಿನ ಹಾಳೆಯೇ ಹರಿದುಹೋಗಿತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ, ಆ ಗ್ರೀಕನ್ನು ಲ್ಯಾಟಿನ್ನಿಗೆ ತರಲು ಇಪ್ಪತ್ತೆರಡು ವರ್ಷ, ಕೊನೆಯ ನಾಲ್ಕು ವರ್ಷ ಹತ್ತಿರದ ಅಕ್ಷರವೆಲ್ಲ ಮಂಜಾಗಿ ಮಗಳೇ ಓದಿ ಹೇಳುತ್ತಿದ್ದಳು, ಮಗಳೇ ಬರೆಯುತ್ತಿದ್ದಳು, ಅಪ್ಪ, ಈ ಸಾಲಲ್ಲಿ ಸಮುದ್ರ ಅಳ್ತಿದೆ ಅಂತಾನಾ, ಕುದೀತಿದೆ ಅಂತಾನಾ, ಎರಡೂ ಆಗತ್ತಲ್ಲ, ಆಗತ್ತೆ ಕಂದಾ, ಅದಕ್ಕೇ ಮೂರು ದಿನದಿಂದ ಕೂತಿದೀನಿ — ಅದೇ ಚಳಿಗಾಲ ಸನ್ಯಾಸಿ ಗೌದೆಂಜಿಯೋ ಊರಿಗೆ ಬಂದದ್ದು, ಚೌಕದಲ್ಲಿ ನಿಂತು ನರಕವನ್ನು ಪಕ್ಕದ ಬೀದಿಯೆಂಬಂತೆ ವರ್ಣಿಸಿದ್ದು, ದಿಯಾನೋರಾ ದಿನವೂ ಹೋಗಿ ಕೇಳುತ್ತಿದ್ದಳು, ಒಂದು ಸಂಜೆ ಊಟಕ್ಕೆ ಬಂದ ಗೆಳೆಯರು ಕೀಟಲೆಗೆ ಕೇಳಿದರು, ಏನು ಮೇಷ್ಟ್ರೇ, ನಿಮ್ಮ ಕವಿ ಕ್ರಿಸ್ತನಿಗಿಂತ ಮುಂಚೆ ಹುಟ್ಟಿದವ್ನು, ನರಕದಲ್ಲೇ ಇರ್ಬೇಕಲ್ಲ, ಹಾಗಾದ್ರೆ ನಂಗೂ ಅಲ್ಲೇ ಒಂದು ಮಂಚ ಹಾಕ್ಸಿ, ಎಂದರು ಮೇಷ್ಟ್ರು, ವೈನು ಒಳ್ಳೆಯದಿತ್ತು, ಎಲ್ಲರೂ ನಕ್ಕರು, ಸಾರು ಬಡಿಸುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು, ಅದನ್ನು ನೋಡಿದ್ದರು, ನೋಡಿಯೂ ಇನ್ನಷ್ಟು ವೈನು ಹಾಕಿಸಿಕೊಂಡರು, ಹತ್ತು ದಿನವಾದ ಮೇಲೆ ಉಪವಾಸದ ಹಿಂದಿನ ಮಂಗಳವಾರ, ಪಾಠ ಮುಗಿಸಿ ಬಂದರೆ ಕಪಾಟು ಖಾಲಿ, ಗ್ರೀಕೂ ಇಲ್ಲ, ಲ್ಯಾಟಿನ್ನೂ ಇಲ್ಲ, ಚೌಕಕ್ಕೆ ಓಡಿದರು, ಈ ವಯಸ್ಸಿನಲ್ಲಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ, ಮುಖವಾಡಗಳು, ವೀಣೆಗಳು, ಕನ್ನಡಿಗಳು, ಚೌರಿಕೂದಲು, ಪಾಪದ ವಸ್ತುಗಳೆಂದು ಗೌದೆಂಜಿಯೋ ರಾಶಿ ಹಾಕಿಸಿದ ಎಲ್ಲದರ ಮೇಲೆ ಬೆಂಕಿ, ಚರ್ಮದ ಹಾಳೆ ಬೇಗ ಉರಿಯುವುದಿಲ್ಲ, ಮುದುಡುತ್ತದೆ, ಮುಷ್ಟಿ ಕಟ್ಟಿದ ಹಾಗೆ ಮುದುಡುತ್ತದೆ, ಮಗಳು ಅಲ್ಲೇ ನಿಂತಿದ್ದಳು, ಮುಖವೆಲ್ಲ ಮಸಿ, ಕಣ್ಣೀರಿನ ಗೆರೆ, ಅಪ್ಪ, ಬೈಬೇಡ, ನರಕದಿಂದ ನಿನ್ನ ಉಳಿಸ್ಕೊಂಡೆ, ನಂಗೆ ನೀನಲ್ದೆ ಯಾರಿದಾರೆ, ಎಂದಳು, ಮೇಷ್ಟ್ರು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು, ನಿಂಗೆ ಅಕ್ಷರ ಕಲಿಸಿದ ಬಾಯಿ ಇದು, ಇನ್ನು ನಿನ್ನ ಮುಂದೆ ತೆರೆಯಲ್ಲ, ಎಂದರು, ತೆರೆಯಲಿಲ್ಲ, ಈಸ್ಟರ್ ಬಂತು, ಹೋಯಿತು, ದಿನವೂ ಬಟ್ಟಲು ಮುಂದಿಟ್ಟು ಅಪ್ಪ, ಉಪ್ಪು ಸರಿ ಇದ್ಯಾ, ಎನ್ನುತ್ತಿದ್ದಳು, ಅಷ್ಟೇ, ಉಪ್ಪು ಸರಿ ಇದ್ಯಾ, ಇವರು ಉಂಡು ಏಳುತ್ತಿದ್ದರು, ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಮಠಕ್ಕೆ ಹೊರಟಿದ್ದಳು, ಗೌದೆಂಜಿಯೋ ಅಷ್ಟರಲ್ಲೇ ಬೇರೆ ಊರಿಗೆ ಹೋಗಿಯಾಗಿತ್ತು, ದ್ರಾಕ್ಷಿ ಕೀಳುವ ಮೊದಲೇ ಅಂಗಡಿಗಳಲ್ಲಿ ಹೊಸ ಕನ್ನಡಿಗಳು ತೂಗಿದವು. ನೀನು ಒಂದು ಮಾತಾಡಿದ್ರೆ ಅವಳು ಹೋಗ್ತಿರ್ಲಿಲ್ಲ ಅಣ್ಣ, ದೇವ್ರು ಕರೆದ ಅಂತ ನೀನು ಅಂದ್ಕೋ, ನಂಗೆ ಗೊತ್ತು, ಎಂದಿದ್ದಳು ತೆಸ್ಸಾ, ಕ್ರಿಸ್‌ಮಸ್‌ಗೆ ಅವಳ ಕೈಯಲ್ಲೇ ಮಠದಿಂದ ಒಂದು ಪತ್ರ ಬಂತು, ದಪ್ಪಗಿತ್ತು, ಐದಾರು ಹಾಳೆ ಇದ್ದಿರಬೇಕು, ಮುದ್ರೆ ಒಡೆಯದೆ ಒಲೆಗೆ ಹಾಕಿದರು, ಈಗ ಸರಿಹೋಯ್ತಾ, ಎಂದು ತೆಸ್ಸಾ ಕೇಳಿ ಹೊರಗೆ ಹೋಗಿ ಅತ್ತಳು.

ಹಾಡು ನಿಂತಿದೆ, ಪೀಠದ ಮೆಟ್ಟಿಲ ಮೇಲೆ ಮಂಡಿಯೂರಿದ್ದಾಳೆ, ಕೈಯಲ್ಲಿ ಅವಳೇ ಬರೆದ ವ್ರತದ ಪತ್ರ, ಓದುತ್ತಾಳೆ, ಆ ದನಿ, ಸ್ಪಷ್ಟ ಲ್ಯಾಟಿನ್, ಪದದ ಕೊನೆಯನ್ನು ನುಂಗದ ಲ್ಯಾಟಿನ್, ಈ ಪಾದ್ರಿಗಳ ಹಾಗಲ್ಲ, ಇಲ್ಲಿ ಸ್ಥಿರವಾಗಿ ನಿಲ್ಲುವುದನ್ನು, ನಡತೆ ತಿದ್ದಿಕೊಳ್ಳುವುದನ್ನು ವಾಗ್ದಾನ ಮಾಡುತ್ತೇನೆ — ಅನ್ನು, ಅನ್ನು, ದ್ವಿತೀಯಾ ವಿಭಕ್ತಿ, ಸರಿ, ಮೇಷ್ಟ್ರ ತಲೆ ತಾನಾಗಿ ಆಡುತ್ತದೆ, ಸರಿ, ಇನ್ನು ವಿಧೇಯತೆ, ಒಬೆದಿಯೆಂತಿಯಮ್ ಎನ್ನಬೇಕು, ಲ್ಯಾಟಿನ್ನಿನಲ್ಲಿ ಕೊನೆಯ ಮ್ ಎಂದರೇ ಅನ್ನು, ಒಬೆದಿಯೆಂತಿಯಾ, ಎಂದು ನಿಲ್ಲಿಸಿದಳು. ಮ್ ಇಲ್ಲ. ತಪ್ಪು, ಮೊದಲ ವರ್ಷದವರು ಮಾಡುವ ತಪ್ಪು, ಕಾಗದದಲ್ಲೇ ತಪ್ಪಿದೆಯೋ, ಇಲ್ಲ, ಅವಳು ಕಾಗದ ನೋಡುತ್ತಿಲ್ಲ, ತಲೆ ಎತ್ತಿದ್ದಾಳೆ, ತಿರುಗಿದ್ದಾಳೆ, ಜನರ ಕಡೆ, ಹಿಂದಿನ ಸಾಲುಗಳ ಕಡೆ, ಒಂದೊಂದೇ ಕಂಬ ದಾಟಿ ಬರುವ ಕಣ್ಣು, ಬಾಯಿ ಅರೆತೆರೆದು, ಇಡೀ ಚರ್ಚು ಕೆಮ್ಮು ನಿಲ್ಲಿಸಿದೆ, ಹೆದರಿದಳು ಪಾಪ, ಎಂದು ಯಾರೋ ಹೆಂಗಸು ಪಿಸುಗುಟ್ಟಿದಳು, ದಿಯಾನೋರಾ ವಿಭಕ್ತಿ ತಪ್ಪುವವಳಲ್ಲ, ಕಲಿತಂದಿನಿಂದ ತಪ್ಪಿಲ್ಲ, ಬೇಕೆಂದು ತಪ್ಪಿದರೆ ಮಾತ್ರ — ಬೇಕೆಂದು, ಅಯ್ಯೋ, ಬೇಕೆಂದು, ತಾಯಿ ಹೋದ ಆ ಚಳಿಗಾಲ, ಇಡೀ ದಿನ ಮಾತಿಲ್ಲದ ಅಪ್ಪನನ್ನು ಮಾತಾಡಿಸಲು ಹುಡುಗಿ ಕಂಡುಕೊಂಡ ಉಪಾಯ, ಕೊನೆಯ ಮ್ ಬಿಟ್ಟು ಮರಿಹಕ್ಕಿಯ ಹಾಗೆ ಬಾಯಿ ತೆರೆದು ಕೂರುವಳು, ಮ್ ಎಂದರೆ ತುಟಿ ಮುಚ್ಚಬೇಕು, ಅಪ್ಪ ಹೇಳುವ ತನಕ ಮುಚ್ಚುವುದಿಲ್ಲ, ಹೇಳು ಅಪ್ಪ, ಬಾಯಿ ನೋಯ್ತಿದೆ, ನೊಣ ಹೋಗತ್ತೆ, ಆಗ ಇವರು ಮ್ ಎನ್ನುವರು, ಅವಳು ಟಪ್ಪೆಂದು ತುಟಿ ಮುಚ್ಚಿ ನಗುವಳು, ಆಗ ಮಾತು ಬರುತ್ತಿತ್ತು, ತಾಯಿಯದು, ಊಟದ್ದು, ಎಲ್ಲದರದ್ದೂ. ಹೇಳು ಮೇಷ್ಟ್ರೇ, ಒಂದೇ ಅಕ್ಷರ, ಅರ್ಧ ಅಕ್ಷರ, ಬಾಯಿ ತೆರೆಯುವುದೂ ಬೇಡ, ಮುಚ್ಚಿದ ಬಾಯಲ್ಲೇ ಆಗುತ್ತದೆ, ಎದ್ದಿದ್ದಾರೆ, ಯಾವಾಗ ಎದ್ದರು, ಕಂಬ ಹಿಡಿದಿದ್ದಾರೆ, ತುಟಿ ಮುಚ್ಚಿಯೇ ಇದೆ, ಎರಡು ವರ್ಷದಿಂದ ಅವಳಿಗೆ ಮುಚ್ಚಿದ ತುಟಿ, ದನಿಯೊಂದೇ ಬೇಕು, ಅವಳ ಕಣ್ಣು ಈ ಕಂಬಕ್ಕೆ ಬಂತು, ನಿಂತಿತು, ಕಂಡಳು, ಕಂಡೂ ಬಾಯಿ ಹಾಗೇ — ಒಬೆದಿಯೆಂತಿಯಮ್, ಎಂದರು ಪಾದ್ರಿ, ದಪ್ಪ ದನಿಯಲ್ಲಿ, ಬೇಸರದಿಂದ, ಓದಮ್ಮ ಮುಂದೆ, ಎಂದರು. ಅವಳು ತಿರುಗಿದಳು, ಓದಿದಳು, ಕೊನೆಯ ತನಕ ಒಂದೂ ತಪ್ಪಿಲ್ಲದೆ ಓದಿದಳು, ಸಹಿ ಹಾಕಿದಳು, ಕರಿ ಮುಸುಕು ಬಿತ್ತು, ಜಾಲರಿಯ ಚಿಕ್ಕ ಬಾಗಿಲು, ಎಡಗಾಲು ತಡೆದು ಒಳಗೆ, ಅಗುಳಿ, ಅಣ್ಣ, ಕೂತ್ಕೊ, ಬೀಳ್ತೀಯ, ಎಂದು ತೆಸ್ಸಾ ಹಿಡಿದಿದ್ದಾಳೆ, ಮ್, ಎನ್ನುತ್ತಾರೆ ಮೇಷ್ಟ್ರು, ಈಗ ಬಂತು, ಏನಂದೆ ಅಣ್ಣ, ಮ್, ಜನ ಏಳುತ್ತಿದ್ದಾರೆ, ಬತ್ತಿ ಆರಿಸುತ್ತಿದ್ದಾರೆ, ಮ್, ಜಾಲರಿಯ ಆಚೆ ಯಾರೂ ಇಲ್ಲ, ಕಣ್ಣು ಮುಚ್ಚಿದರೆ ಅವಳು ಮೆಟ್ಟಿಲ ಮೇಲೆ, ತಿರುಗಿ, ಬಾಯಿ ಅರೆತೆರೆದು, ಕಣ್ಣು ತೆರೆದರೆ ಮೆಟ್ಟಿಲು ಖಾಲಿ, ಮುಚ್ಚಿದರೆ ಬಾಯಿ ಅರೆತೆರೆದು, ಬಾಯಿ ಅರೆತೆರೆದು, ಅವಳು —