ಅರವತ್ತಿಗೆ ಮಾರಿದ ಅರವಟ್ಟಿಗೆ

ಹೇಮಲತಾ ಬರೆದ ಕಥೆಯಲ್ಲಿ ಜಗತ್ತು ಬಿಸಿಲಿಗೆ ಸುಟ್ಟುಹೋಗಿತ್ತು. ಸೂರತ್ತಿನ ಪಾಂಡೇಸರಾ ಗಿರಣಿಗಳಲ್ಲಿ ಬದುಕುಳಿದವರು ಊರು ಬಿಟ್ಟು ನಡೆಯುತ್ತಾರೆ. ನೀರಿರುವುದು ದಾರಿಯಲ್ಲಿ ಸಿಗುವ ಕೊಯಾಲಿ ಎಂಬ ಊರಿನ ಹತ್ತಿರ, ಕಮಲಾ ಎಂಬ ಮುದುಕಿಯ ಬಾವಿಯಲ್ಲಿ ಮಾತ್ರ. ಅವಳೇನು ಮಾಡುತ್ತಾಳೆ ಎಂಬುದರ ಮೇಲೇ ಕಥೆ ನಿಂತಿತ್ತು. ಹೇಮಲತಾ ಬರೆದದ್ದು ಒಂದೇ ಸಾಲು: 'ಕಮಲಾ ದಾರಿಗೆ ನೀರು ತಂದು ಅರವಟ್ಟಿಗೆ ಇಟ್ಟಳು.'

ಅಹಮದಾಬಾದಿನ ಬೋಡಕ್‌ದೇವ್‌ನ ಆಡಿಯೋ ಕಂಪನಿಯಲ್ಲಿ ಅದನ್ನು ನಾಟಕ ಮಾಡಿಸಿದವನು ಪ್ರಜ್ವಲ್. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಆ ಊರಲ್ಲೇ ಬೆಳೆದವನು. ಕಂಪನಿಯ ಕನ್ನಡಕ್ಕೆಲ್ಲ ಅವನೇ ಯಜಮಾನ. ಆ ಪುಣ್ಯಾತ್ಮ ಅದನ್ನು 'ಅರವತ್ತಿಗೆ' ಎಂದು ಓದಿದ್ದ! ಅಷ್ಟಕ್ಕೇ ಬಿಟ್ಟನೇ? ಅವನ ನಾಟಕದಲ್ಲಿ ಒಂದು ಚೊಂಬು ನೀರಿಗೆ ಅರವತ್ತು ರೂಪಾಯಿ, ಇಲ್ಲದವರು ಬಳೆ ಬಿಚ್ಚಿ ಕೊಡಬೇಕು. ಕೊನೆಗೆ ಕಮಲಾ ಕೋಟೆಯನ್ನೇ ಕಟ್ಟಿಸುತ್ತಾಳೆ. ಅವನ ಆಫೀಸಿನಲ್ಲಿ ಕೂತು ಅದನ್ನು ಕೇಳಿದ ಹೇಮಲತಾ ಹೌಹಾರಿದಳು.

"ಅರವತ್ತಲ್ಲ ಕಣಪ್ಪ, ಅರವಟ್ಟಿಗೆ! ದಾರಿಹೋಕರಿಗೆ ಪುಕ್ಕಟೆ ನೀರು ಕೊಡೋ ಜಾಗ."

"ಸಾರಿ ಆಂಟಿ, ಆ ವರ್ಡ್ ಗೊತ್ತಿರ್ಲಿಲ್ಲ. ಆದ್ರೆ ಇದೇ ಚೆನ್ನಾಗಿದೆ. ದುನಿಯಾನೇ ಖತಂ ಆದ್ಮೇಲೆ ಫ್ರೀಯಾಗಿ ನೀರು ಯಾರು ಕೊಡ್ತಾರೆ? ಸಂಜೆ ಎಪಿಸೋಡ್ ಹೀಗೇ ಹೋಗ್ಲಿ."

ಹೇಮಲತಾಳಿಗೆ ಮೈಯೆಲ್ಲ ಉರಿದುಹೋಯಿತು. ತಿಳಿಯದೆ ಮಾಡಿದ ತಪ್ಪನ್ನು ತಿದ್ದಬಹುದು, ತಿಳಿದ ಮೇಲೂ ಅದೇ ಸರಿ ಎನ್ನುವವನನ್ನು ಏನು ಮಾಡುವುದು? ಜಗತ್ತು ಮುಳುಗಿದರೂ ಇವರಿಗೆ ಅಂಗಡಿ ಮಾತ್ರ ತೇಲುತ್ತಿರಬೇಕು! ಅವಳು ಎದ್ದು ಹೊರಟಳು. ಮರ್ಯಾದೆಗೆಂದು ಪ್ರಜ್ವಲನೂ ಜೊತೆಗೆ ಇಳಿದು ಬಂದ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲಿಳಿಯುವಷ್ಟರಲ್ಲಿ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು.

ಗೇಟಿನಾಚೆ ಬೇವಿನ ಮರದಡಿ, ಒದ್ದೆಬಟ್ಟೆ ಸುತ್ತಿದ ಮಡಕೆಗಳ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಪ್ರಜ್ವಲ್ ರೂಢಿಯಂತೆ ಬಗ್ಗಿ ಬೊಗಸೆ ಒಡ್ಡಿದ. ಅವಳು ಉದ್ದ ಹಿಡಿಯ ಸೌಟಿನಿಂದ ಹೊಯ್ದಳು. ಅವನು ಗಟಗಟ ಕುಡಿದ.

"ಅವ್ರಿಗೆ ಎಷ್ಟು ಕೊಡ್ಬೇಕು?" ಹೇಮಲತಾ ಕೇಳಿದಳು.

ಪ್ರಜ್ವಲ್ ನಕ್ಕ. "ಆಂಟಿ, ಇದು ಪರಬ್. ಇಲ್ಲಿ ಯಾರಾದ್ರೂ ದುಡ್ಡು ತಗೋತಾರಾ?"

"ನಮ್ಮಲ್ಲಿ ಇದಕ್ಕೇ ಕಣೋ ಅರವಟ್ಟಿಗೆ ಅನ್ನೋದು! ಪ್ರಳಯ ಆದ್ಮೇಲೆ ಇದಿರಲ್ಲ ಅಂತ ನಿಂಗೆ ಯಾರು ಹೇಳಿದ್ರು? ಬಾಯಿ ಒದ್ದೆ ಇನ್ನೂ ಆರಿಲ್ಲ, ಆಗ್ಲೇ ನಾಟಕದಲ್ಲಿ ಈಕೆ ಕೈಲಿ ಅಂಗಡಿ ಇಡಿಸ್ತಿದ್ದೀಯಲ್ಲ!"

ಪ್ರಜ್ವಲನ ನಗು ಆರಿತು. ಅವನೊಮ್ಮೆ ಮಡಕೆ ನೋಡಿದ, ಒಮ್ಮೆ ನೀರು ಹೊಯ್ದವಳನ್ನು ನೋಡಿದ. ಒದ್ದೆಕೈಯಲ್ಲೇ ಫೋನ್ ತೆಗೆದು ಮೇಲೆ ಆಫೀಸಿನಲ್ಲಿದ್ದವರಿಗೆ ಹೇಳಿದ: "ಸಂಜೆ ಎಪಿಸೋಡ್ ರೋಕೋ."

ಆಗ ಹೇಮಲತಾ ತಾನೂ ಬೊಗಸೆ ಒಡ್ಡಿದಳು.