ಅನ್ನಪೂರ್ಣಾ ಗುಡ್ಡದ ಓಟದಾಗ ಯಾಕ ಬಿದ್ಲು

ನಾ ರಂಜನಾ, ಮುನವಳ್ಳಿ ಕಡೆ ಆಶಾ ಕಾರ್ಯಕರ್ತೆ. ನಮ್ಮ ಹೆಣ್ಮಕ್ಕಳಿಗೆ ಒಂದ ಕೆಟ್ಟ ರೂಢಿ ಐತಿ. ಹೊಲಕ್ಕ ಹೋಗೋದಿರಲಿ, ಬಸ್ ಹತ್ತೋದಿರಲಿ, ಮುಂಜಾನಿಯಿಂದ ನೀರ ಮುಟ್ಟಂಗಿಲ್ಲ. ಕೇಳಿದ್ರ ನೀರಡಿಕಿ ಇಲ್ಲ ಬಿಡ್ರಿ ಅಂತಾರ. ಶುದ್ಧ ಸುಳ್ಳ. ಬಿಸಲಾಗ ಕಳೆ ತಗಿಯೋರಿಗೆ ನೀರಡಿಕಿ ಆಗಂಗಿಲ್ಲೇನು? ನೆನಸಿಕೊಂಡ್ರ ನನಗ ಸಿಟ್ಟ ಬರತೈತಿ.

ನಮ್ಮ ಓಣಿ ಅನ್ನಪೂರ್ಣಾನ ತವರು ರಾಮದುರ್ಗ. ಸಾಲಿ ಕಲಿಯೋ ಮುಂದ ಹೊಳಿ ದಂಡಿಗುಂಟ ಓಡಾಕಿ. ಲಗ್ನ ಆಗಿ ಬಂದ ಮ್ಯಾಲ ಓಟ ನಿಂತಿತು, ಆಸೆ ನಿಲ್ಲಲಿಲ್ಲ. ಹಿತ್ತಲದಾಗ ಬಟ್ಟಿ ಒಣ ಹಾಕೋವಾಗ ಊರ ಹಿಂದಿನ ಗುಡ್ಡ ನೋಡಕೋತ ನಿಂತ ಬಿಡೋಳು. ಅದರ ನೆತ್ತಿ ಮ್ಯಾಲಿಂದ ಮಲಪ್ರಭಾ ಕಾಣತೈತಿ. ಅದ ಹೊಳಿ ಮುಂದ ರಾಮದುರ್ಗಕ್ಕ ಹೋಗತೈತಿ.

"ಒಂದ ಸಲ ಅಲ್ಲೀತನಕ ಹೋಗಬೇಕ ನೋಡ ರಂಜನಾ. ನಡಕೊಂಡಲ್ಲ, ಓಡಿ," ಅಂತಿದ್ಳು.

ಹೋದ ವರ್ಷ ಆಟದ ಮಾಸ್ತರು ಗೌರೀಶ ಅವರು ಗುಡ್ಡದ ಓಟ ಇಟ್ರು. ಡಾಂಬರ ರಸ್ತೆ ಅಲ್ಲ, ಕುರಿ ಹೋಗೋ ಕಾಲದಾರಿ. ಗಿಡಗಂಟಿಗೆ ಬಟ್ಟಿ ಚೂರ ಕಟ್ಟಿ ದಾರಿ ತೋರಿಸಿದ್ರು, ಅಲ್ಲಲ್ಲಿ ನೀರಿನ ಕೊಡ ಇಡಸಿದ್ರು. ಅನ್ನಪೂರ್ಣಾ ತನ್ನ ಗಂಡ ದುಂಡಪ್ಪನ್ನ ಕಾಡಿ ಬೇಡಿ ಹೆಸರ ಹಚ್ಚಿದ್ಳು. ಅವತ್ತ ಎಲ್ಲಾರಕಿಂತ ಮುಂದ ಇದ್ಳು. ಅರ್ಧಾ ಏರ ಹತ್ತಿರಲಿಲ್ಲ, ಕಣ್ಣಿಗೆ ಕತ್ತಲಿ ಬಂದು ಬಿದ್ದ ಬಿಟ್ಲು. ಆಕೀನ ಬೈಕ್ ಮ್ಯಾಲ ಮನಿಗೆ ತಂದ ದುಂಡಪ್ಪ, ಇನ್ನ ಓಟದ ಹೆಸರ ತಗೀಬ್ಯಾಡ ಅಂತ ಖಡಾಖಡಿ ಹೇಳಿದ. ಮಕ್ಕಳ ತಾಯಿಗೆ ಇದೆಲ್ಲಾ ಆಗಿ ಬರಂಗಿಲ್ಲ ಅನ್ನೂದು ಅವನ ವಾದ.

ಅಲ್ಲಿಂದ ಆಕಿ ಗುಡ್ಡದ ಕಡೆ ಮಾರಿ ಮಾಡಲಿಲ್ಲ. ಬಟ್ಟಿ ಸೈತ ಹಿತ್ತಲ ಬಿಟ್ಟು ಮನಿ ಮುಂದ ಒಣ ಹಾಕಾಕ ಹತ್ತಿದ್ಳು.

ಈ ವರ್ಷದ ಓಟ ಹತ್ರ ಬಂತು. ನನಗ ತಡೀಲಿಲ್ಲ, ಅವರ ಮನಿಗೆ ಹೋದೆ. ದಾರ್ಯಾಗ ಕೊಡ ಇದ್ವು, ನೀರ ಯಾಕ ಕುಡೀಲಿಲ್ಲ ಅಂತ ದುಂಡಪ್ಪನ ಎದರಿಗೇ ಆಕೀನ ಕೇಳಿದೆ. ಆಕಿ ರೊಟ್ಟಿ ಬಡಿಯೋದ ನಿಲ್ಲಿಸಿದ್ಳು.

"ಕುಡದ್ರ ಎಲ್ಲಿ ಹೋಗಲಿ? ಬಟ್ಟಾ ಬಯಲ ಗುಡ್ಡ, ಸುತ್ತ ಗಂಡಸರು. ಹಿಂದಿನ ಸಂಜೀಯಿಂದ ಒಂದ ಗುಟಕ ಕುಡದಿದ್ದಿಲ್ಲ. ಹೊಲಕ್ಕ ಹೋಗೋ ದಿನಾನೂ ಹಿಂಗ ಮಾಡತೇನಿ, ಈ ಮನಿಗೆ ಬಂದಾಗಿಂದ."

ದುಂಡಪ್ಪ ಗಿಡದ ಹಿಂದ ಮರಿಗೆ ಹೋದ್ರ ಆತಪಾ, ಅದರಾಗೇನೈತಿ ಅಂದ. ನಿಮ್ಮ ಹೊಲದಾಗ ಮರಿಯಾಗೋ ಗಿಡ ಎಲ್ಲೈತಿ ತೋರಸು ಅಂದೆ. ಹೊಲಕ್ಕ ದಿನಾ ಕೊಡ ತುಂಬಿ ಒಯ್ಯೋನು ಅವನ. ಹೇಣ್ತಿ ಅದರಾಗಿನ ನೀರ ಕುಡೀತಾಳೋ ಇಲ್ಲೋ ಅಂತ ನೋಡಿರಲಿಲ್ಲ.

ತಿಳಿಸಿ ಹೇಳಿದೆ. ನೀರ ಕುಡೀದ ಇದ್ರ, ಬಂದದ್ದನ್ನ ತಡಕೊಂಡ್ರ ಉರಿಮೂತ್ರ ಆಗತೈತಿ, ಸೋಂಕು ಮೂತ್ರಪಿಂಡಕ್ಕ ಏರಬಹುದು, ಬಿಸಲಾಗ ತಲಿ ತಿರುಗತೈತಿ. ಆಕೀನ ಕೆಡವಿದ್ದು ಓಟ ಅಲ್ಲೋ ಮಾರಾಯಾ, ನೀರಡಿಕಿ ಅಂದೆ.

"ನನಗ ಯಾಕ ಹೇಳಲಿಲ್ಲ?" ಅಂತ ದುಂಡಪ್ಪ ಆಕೀನ ಕೇಳಿದ.

"ನೀವು ಯಾವತ್ತ ಕೇಳಿದ್ರಿ?"

ಮರುದಿನ ದುಂಡಪ್ಪ ಹತ್ತಿ ಕಟಗಿ ಗಾಡಿಗೆ ಹೇರಕೊಂಡು ಗೌರೀಶ ಮಾಸ್ತರ ಕಡೆ ಹೋದ. ನೀರ ಇಡೋವಲ್ಲೆಲ್ಲಾ ಹೆಣ್ಮಕ್ಕಳಿಗೆ ಮರಿಯಾಗಂಗ ಒಂದ ತಟ್ಟಿ ಕಟ್ಟೂಣು ಅಂದ. ಮಾಸ್ತರು ನಾಚಿಕೊಂಡ್ರು, ಇದು ತಲಿಗೇ ಹೊಳೀಲಿಲ್ಲ ಅಂದ್ರು. ಹಳ್ಳದಿಂದ ದೂರ ತಗ್ಗ ತೋಡಿ, ಸುತ್ತ ತಟ್ಟಿ ನಿಲ್ಲಿಸಿ, ಬಾಗಲಿಗೆ ಹಳೇ ಸೀರಿ ಕಟ್ಟಿದ್ರು. ಒಳಗ ನೀರು, ಸಾಬಾನು, ಮುಚ್ಚಾಕ ಮಣ್ಣು ಇಟ್ರು.

ಓಟದ ದಿನ ನೆತ್ತಿ ಮ್ಯಾಲಿನ ಕೊಡದ ಹತ್ರ ನಾನ ನಿಂತಿದ್ದೆ. ಅನ್ನಪೂರ್ಣಾ ದಾರಿಗುಂಟ ನೀರ ಕುಡಕೋತ, ಸೀರಿ ಕಚ್ಚಿ ಹಾಕಿ ಓಡಿ ಬಂದ್ಳು. ಬಂದಾಕಿ ನಿಂತ ಬಿಟ್ಲು. ಕೆಳಗ ಹೊಳಿ ಹೊಳೀತಿತ್ತು. ಹಿಂದಿದ್ದೋರು ದಾಟಿ ಹೋದ್ರು, ಆಕಿಗೆ ಅದರ ಖಬರಿಲ್ಲ.

"ಆ ನೀರ ನಮ್ಮೂರಿಗೆ ಹೊಂಟೈತಿ," ಅಂದ್ಳು. ಆಕಿಗೆ ಅಳು ಬಂತು, ನನಗೂ ಬಂತು. ಒಂದ ಚರಿಗಿ ನೀರ ಕುಡದು ಮತ್ತ ಓಡಿದ್ಳು. ನಂಬರ ಬರಲಿಲ್ಲ, ಆಕಿಗೆ ಅದು ಬೇಕಾಗಿಯೂ ಇರಲಿಲ್ಲ.

ಸಂಜಿಗೆ ದುಂಡಪ್ಪ ತಟ್ಟಿ ಬಿಚ್ಚಾಕ ಹತ್ತಿದ್ದ. ಅನ್ನಪೂರ್ಣಾ ಹತ್ರ ಹೋಗಿ ನಿಂತ್ಳು.

"ಇದನ್ನ ಒಯ್ದು ನಮ್ಮ ಹೊಲದಾಗ ಕಟ್ರಿ. ನಾಳಿಂದ ನಾ ಅಲ್ಲೂ ನೀರ ಕುಡೀಬೇಕು."

ದುಂಡಪ್ಪ ಅವತ್ತ ಕತ್ತಲಾಗೂದ್ರೊಳಗ ಕಟ್ಟಿದ.

ಕೇಳ್ರಿ ಅಣ್ಣಾ ಅಕ್ಕಾ, ನಿಮ್ಮೂರಾಗೂ ಓಟ ಇಡ್ರಿ, ಹೆಣ್ಮಕ್ಕಳನ್ನ ಓಡಸ್ರಿ. ನೀರ ಇಟ್ಟಲ್ಲಿ ಮರಿ ಜಾಗಾನೂ ಮಾಡ್ರಿ, ಮುಗದ ಮ್ಯಾಲ ತಗ್ಗ ಮುಚ್ಚರಿ. ಹೊಲದಾಗೂ ಒಂದ ತಟ್ಟಿ ನಿಲ್ಲಸ್ರಿ. ಉರಿಮೂತ್ರ ಇದ್ರ ನಾಚದ ದವಾಖಾನಿಗೆ ಬರ್ರಿ. ಅದಕ್ಕೂ ಮೊದಲ, ಇವತ್ತ ಮನಿಗೆ ಹೋದ ಕೂಡಲೇ ನಿಮ್ಮ ಹೇಣ್ತಿನ್ನ, ತಾಯಿನ್ನ, ಮಗಳನ್ನ ಕೇಳ್ರಿ: ಮುಂಜಾನಿಯಿಂದ ನೀರ ಕುಡದೀ ಏನು?