ಎತ್ತಿ ಕೂಡಿಸಿದವರು

ದೇವಕಮ್ಮ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರುತ್ತಿದ್ದಳು. ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ರಂಗಂಪೇಟೆಯ ಆ ಓಣಿಯಲ್ಲಿ ಬಾಗಿಲು ತಟ್ಟುವ ಬದಲು ಗಂಟೆ ಬಾರಿಸುವವನು ಸೈಕಲ್ ಅಂಗಡಿಯ ಬಾಷುಮಿಯಾ ಒಬ್ಬನೇ. ಅವಳು ಒದ್ದೆ ಕೈಯಲ್ಲೇ ಪಡಸಾಲೆಗೆ ಬರುವಷ್ಟರಲ್ಲಿ ಅವನು ಅವಳ ಗಂಡ ತಾಯಪ್ಪನ ಮಂಚದ ತುದಿಗೆ ಕುಳಿತಾಗಿತ್ತು.

“ಅಕ್ಕ, ಹಂಚು ಇಳಸಬ್ಯಾಡ. ನನಗೂ ಎರಡು ಬಡಿ. ಸುದ್ದಿ ತಂದೀನಿ.”

“ಮೊದಲ ಸುದ್ದಿ ಹೇಳು. ಹೋದ ಸಲ ನೀ ತಂದ ಸುದ್ದಿಗೆ ಅರ್ಧ ರೊಟ್ಟಿನೂ ಜಾಸ್ತಿನ ಆಗಿತ್ತು.”

ತಾಯಪ್ಪ ನಕ್ಕ. ಸೊಂಟದ ಕೆಳಗೆ ಜೀವವಿಲ್ಲದೆ ಮಲಗಿ ವರ್ಷವಾಗುತ್ತ ಬಂದಿದ್ದರೂ ಅವನ ನಗು ಹಾಗೇ ಉಳಿದಿತ್ತು. ಬಾಷುಮಿಯಾ ಬಂದ ದಿನ ಅದು ಇನ್ನಷ್ಟು ಹೊತ್ತು ನಿಲ್ಲುತ್ತಿತ್ತು.

“ಬರೋ ಐತವಾರ ಶಹಾಪುರದಿಂದ ಇಲ್ಲೀತನಕ ಸೈಕಲ್ ಶರ್ಯತ್ತು ಇಟ್ಟೀವಿ. ವಿಜಾಪುರ, ಜಮಖಂಡಿ ಕಡಿ ಹುಡುಗರು ಬರ್ತಾರ. ಗುಡ್ಡ ಹತ್ತಿ ಇಳದು ದ್ರಾಕ್ಷಿ ತ್ವಾಟದ ಮುಂದ ಮುಗಿಯೋದು. ಅಲ್ಲೇ ಪೆಂಡಾಲು, ಅಲ್ಲೇ ಸನ್ಮಾನ.”

“ಯಾರಿಗೆ ಸನ್ಮಾನ?”

“ನಿನಗ. ದುರಗಮ್ಮಗ. ಖಾಜಾಹುಸೇನಗ. ಅವತ್ತು ತಾಯಪ್ಪಣ್ಣನ್ನ ನೆಲದಿಂದ ಎತ್ತಿ ಬದುಕಿಸಿದವರಿಗೆ.”

“ನಾನ ಹೇಳಿ ಕಳಿಸಿದ್ದೆ,” ಎಂದ ತಾಯಪ್ಪ. ಕೊಡಲು ತನ್ನ ಹತ್ತಿರವೂ ಏನೋ ಒಂದಿದೆ ಎಂಬ ಹಿಗ್ಗು ಅವನ ಮುಖದಲ್ಲಿತ್ತು.

ಸೀದ ವಾಸನೆ ಬಂದು ದೇವಕಮ್ಮ ಒಳಗೆ ಓಡಿದಳು. ರೊಟ್ಟಿ ಒಂದು ಮಗ್ಗಲು ಕರಕಲಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಲೆಯ ಮುಂದೆ ಕುಳಿತುಬಿಟ್ಟಳು. ಬಿಸಿ ತಾಗುತ್ತಿದ್ದುದೂ ಅವಳಿಗೆ ತಿಳಿಯಲಿಲ್ಲ. ಅವತ್ತು ಎತ್ತದೆ ಇದ್ದಿದ್ದರೆ ತಾಯಪ್ಪ ಇವತ್ತು ನಡೆಯುತ್ತಿದ್ದ. ಇದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ತಾಯಪ್ಪ ಕಾಲುವೆಯ ಮೇಲೆ ಗ್ಯಾಂಗ್ ಕೆಲಸಕ್ಕಿದ್ದವನು. ಹೂಳು ತೆಗೆಯುವುದು, ಜೇಕು ಹುಲ್ಲು ಕೀಳುವುದು, ಒಡೆದ ದಂಡೆಗೆ ಮಣ್ಣು ಹಾಕುವುದು. ಕಾಲುವೆಯ ಏರಿಯ ಮೇಲೆ ಅಧಿಕಾರಿಗಳ ಜೀಪು ಓಡಾಡಲೆಂದು ಮಾಡಿದ ದಾರಿಯಲ್ಲೇ ಅವನು ಸೈಕಲ್ ರೇಸು ಕಲಿತದ್ದು. ಆಮೇಲೆ ಆ ಸಪಾಟು ದಾರಿ ಅವನಿಗೆ ಸಾಲಲಿಲ್ಲ. “ಏರಿ ಮ್ಯಾಲೆ ಬರೇ ಕಾಲು ಓಡತಾವ, ಗುಡ್ಡದಾಗ ಎದಿ ಓಡಬೇಕು,” ಅನ್ನುತ್ತಿದ್ದ. ರಜೆ ಸಿಕ್ಕಿತೆಂದರೆ ಶಹಾಪುರದ ಗುಡ್ಡದ ತನಕ ಹೋಗಿ, ಬಂಡೆಗಳ ನಡುವಿನ ಏರು ಹತ್ತಿಳಿದು, ಮತ್ತೆ ಸುರಪುರದ ಏರು ಹತ್ತಿ ಇಳಿಯುತ್ತಿದ್ದ.

ಆ ಇಳಿಜಾರಿನ ಬುಡದಲ್ಲೇ ದ್ರಾಕ್ಷಿ ತೋಟ. ಕಾಲುವೆ ಬರುವ ಮೊದಲು ಅಲ್ಲಿ ಕಲ್ಲು, ಜಾಲಿ, ಹಾವು ಇಷ್ಟೇ ಇದ್ದದ್ದು. ನೀರು ಬಂದ ಮೇಲೆ ಸಾಹುಕಾರರೊಬ್ಬರು ಕಂಬ ನೆಟ್ಟು ತಂತಿ ಎಳೆದು ಬಳ್ಳಿ ಹಬ್ಬಿಸಿದ್ದರು. ದೇವಕಮ್ಮ ಮತ್ತು ಅವಳ ಗೆಳತಿ ದುರಗಮ್ಮ ಅಲ್ಲಿ ಬಳ್ಳಿ ಸವರುವ, ತಂತಿಗೆ ಕಟ್ಟುವ ಕೂಲಿಗೆ ಹೋಗುತ್ತಿದ್ದರು. ಗಂಡ ಗುಡ್ಡ ಇಳಿಯುವ ಹೊತ್ತಿಗೆ ದೇವಕಮ್ಮ ನೀರಿನ ಬಾಟಲಿ ಹಿಡಿದು ರಸ್ತೆಯಂಚಿಗೆ ನಿಲ್ಲುವಳು. ಅವನು ಸೈಕಲ್ ನಿಲ್ಲಿಸದೆ, ಅವಳ ಕಡೆ ನೋಡದೆ, ಕೈಯಷ್ಟೇ ಚಾಚಿ ಬಾಟಲಿ ಕಿತ್ತುಕೊಂಡು ಹೋಗುವನು. “ನಿನ್ನ ಗಂಡ ಹದ್ದು ಕೋಳಿಮರಿ ಒಯ್ದಂಗ ಒಯ್ತಾನ ನೋಡು,” ಎಂದು ದುರಗಮ್ಮ ಅಣಕಿಸುವಳು.

ಅವನು ಬಿದ್ದ ದಿನ ಶಾಲೆಗೆ ರಜೆಯಿದ್ದುದರಿಂದ ಮಗಳು ಲಾಲಿಯೂ ತೋಟಕ್ಕೆ ಬಂದಿದ್ದಳು. ಕೊನೆಯ ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂತು. ತಾಯಪ್ಪ ತಪ್ಪಿಸಲು ಹೋಗಿ ಮೋರಿಯ ಕಲ್ಲಿಗೆ ಬೆನ್ನು ಬಡಿದು ಬಿದ್ದ. ಮೂವರೂ ಓಡಿದರು. ಅವನಿಗೆ ಎಚ್ಚರವಿತ್ತು. ಬಲಗಾಲಿನ ಬೆರಳುಗಳು ಆಡುತ್ತಿದ್ದವು. ಹಿಮ್ಮಡಿ ಮಣ್ಣಿಗೊತ್ತಿ ಮೊಣಕಾಲು ಮಡಚಲು ನೋಡಿದ. “ಬೆನ್ನು ಹಿಡದೈತಿ, ಒಂದೀಟು ಹಂಗ ಬಿಡ್ರಿ,” ಎಂದ.

ಆದರೆ ಆ ಸೀಮೆಯಲ್ಲಿ ಬಿದ್ದವನನ್ನು ಹಾಗೇ ಬಿಡುವವರು ಯಾರು? ಬರಿ ನೆಲಕ್ಕೆ ಮಲಗಿಸುವುದು ಜೀವ ಹೋಗುವವರನ್ನು. ಬದುಕಬೇಕಾದವನನ್ನು ಎತ್ತಿ ಕೂಡಿಸಬೇಕು, ಮುಖಕ್ಕೆ ನೀರು ಹಾಕಬೇಕು, ಬಾಯಿಗೆ ಎರಡು ಗುಟುಕು ಬಿಡಬೇಕು. ಅವರ ಅವ್ವಂದಿರು ಮಾಡಿದ್ದು ಅದನ್ನೇ. “ನೆಲ ಬಿಡಿಸು, ಮೊದಲ ನೆಲ ಬಿಡಿಸು,” ಎಂದಳು ದುರಗಮ್ಮ. ದೇವಕಮ್ಮ ಕಂಕುಳಿಗೆ ಕೈ ಹಾಕಿದಳು, ದುರಗಮ್ಮ ತೊಡೆಗೆ. ಲಾಲಿ ಒಂದು ಪಾದ ಹಿಡಿದಳು. ಎತ್ತಿ, ಬಾಗಿಸಿ, ಕಲ್ಲಿಗೆ ಒರಗಿಸಿ ಕೂಡಿಸಿದರು. ದಾರಿಯಲ್ಲಿ ಬಂದ ಅವರ ಓಣಿಯ ಖಾಜಾಹುಸೇನ ತನ್ನ ಬೈಕ್ ನಿಲ್ಲಿಸಿದ. ಮುಂದೆ ಅವನು, ಹಿಂದೆ ದೇವಕಮ್ಮ, ನಡುವೆ ತಾಯಪ್ಪ. ತಗ್ಗು ಬಿದ್ದ ಆ ದಾರಿಯಲ್ಲಿ ಅವನನ್ನು ಎಳೆಮಗುವಿನಂತೆ ಎದೆಗೊತ್ತಿಕೊಂಡು ಬಂದಳು. ರಂಗಂಪೇಟೆ ಮುಟ್ಟುವಾಗ ಅವನ ಎರಡೂ ಪಾದಗಳು ಬೈಕಿನಿಂದ ಜಾರಿ ರಸ್ತೆಗೆ ಉಜ್ಜುತ್ತಿದ್ದವು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಮರುದಿನ ಗುಲಬರ್ಗಾದ ದವಾಖಾನೆಯ ವರಾಂಡದಲ್ಲಿ ಡಾಕ್ಟರರು ಎಲ್ಲವನ್ನೂ ಕೇಳಿ ತಿಳಿದುಕೊಂಡರು. “ಬಿದ್ದಾಗ ಕಾಲು ಆಡುತ್ತಿತ್ತು ಅಂತೀರಿ. ಬೆನ್ನೆಲುಬು ಮುರಿದಿತ್ತಮ್ಮ, ಒಳಗಿನ ನರ ಇನ್ನೂ ಉಳಿದಿತ್ತು. ಅಲುಗಾಡಿಸದೆ ಹಲಗೆಯ ಮೇಲೆ ತಂದಿದ್ದರೆ ನಡೆಯುತ್ತಿದ್ದ. ಬಾಗಿಸಿ ಕೂಡಿಸಿದ್ದಕ್ಕೆ ಅದೂ ಹರಿಯಿತು,” ಎಂದರು. ಬೈಯಲಿಲ್ಲ. ಬೈದಿದ್ದರೆ ಅವಳು ಅಳುತ್ತಿದ್ದಳೇನೋ. ಲಾಲಿ ಅವಳ ಸೆರಗು ಹಿಡಿದು ನಿಂತಿದ್ದಳು. ಎಂಟು ವರ್ಷದ ಕೂಸು, ಅದಕ್ಕೇನು ತಿಳಿದೀತು ಎಂದುಕೊಂಡಳು ದೇವಕಮ್ಮ.

ತಿಳಿಯಿತೋ ಇಲ್ಲವೋ, ಆ ಕೂಸು ಅಂದಿನಿಂದ ಮಾತು ಕಡಿಮೆ ಮಾಡಿತು. ತಲೆ ಬಾಚುವಾಗ “ಅವ್ವ” ಅನ್ನುವುದು. “ಏನು ನನ್ನವ್ವ?” ಅಂದರೆ “ಏನಿಲ್ಲ” ಅನ್ನುವುದು. ಅಪ್ಪನ ಕಾಲು ಒರೆಸಲು ಬಿಸಿನೀರು ತಂದಿಟ್ಟು, ಬಟ್ಟೆ ಮುಟ್ಟದೆ ದೂರ ನಿಲ್ಲುವುದು. ಉಣ್ಣುವಾಗ ತುತ್ತು ಬಾಯಲ್ಲೇ ಇಟ್ಟುಕೊಂಡು ಅವ್ವನ ಮುಖ ನೋಡುವುದು. ಅದರ ಬಾಯಿಗೆ ಮಾತು ಬಂದದ್ದು ಕಂಡಾಗಲೆಲ್ಲ ದೇವಕಮ್ಮ “ಕೊಡ ತುಂಬೇತೇನು ನೋಡ್ಹೋಗು,” “ಕೋಳಿ ಮುಚ್ಚಿ ಬಾ,” ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಪ್ರೀತಿಯಿಂದಲೇ ಕಳಿಸುತ್ತಿದ್ದಳು. ಗಲ್ಲ ಸವರಿ ಕಳಿಸುತ್ತಿದ್ದಳು.

ಬಾಷುಮಿಯಾ ಹೋದ ಮೇಲೆ, ಅಂಗಾತ ಮಲಗಿದ್ದ ಗಂಡನಿಗೆ ಉಣಿಸುತ್ತ ಅವಳು ಮೆಲ್ಲಗೆ ಮಾತೆತ್ತಿದಳು.

“ಆ ಸನ್ಮಾನ ಬ್ಯಾಡನ್ನು. ನಾಲ್ಕು ಮಂದಿ ನಡುವ ನಿಂದ್ರಾಕ ನನಗ ನಾಚಿಕಿ.”

“ಎರಡು ನಿಮಿಷ ನಿಂದ್ರು. ನಾ ವರ್ಷ ಆಗಾಕ ಬಂತು ಮಲಗೀನಿ, ನಾಚಿಕ್ಯಾಗಿಲ್ಲ.”

“ಹಂಗಲ್ಲ…”

“ಕೇಳಿಲ್ಲಿ,” ಎಂದು ಅವನು ಅವಳ ಮುಂಗೈ ಹಿಡಿದ. “ಹಗಲೆಲ್ಲ ಈ ತೊಲಿ ನೋಡ್ಕೋತ ಮಲಗಿರ್ತೀನಿ. ಸಾಯಬೇಕು ಅನಸ್ತದ. ಸುಳ್ಳ್ಯಾಕ ಹೇಳ್ಲಿ. ಆವಾಗ ಒಂದ ಮಾತು ನೆನಸ್ತೀನಿ. ದಾರ್ಯಾಗ ಬಿದ್ದವನ್ನ ನನ್ನ ಹೆಂಡತಿ ಬಿಟ್ಟು ಹೋಗಲಿಲ್ಲ, ಎತ್ತಿ ಎದಿಗೆ ಹಾಕ್ಕೊಂಡು ತಂದ್ಲು. ಅಷ್ಟು ಮಾಡಿ ಉಳಿಸಿದ ಜೀವ, ನಾ ಹೆಂಗ ಕಳೀಲಿ?”

ದೇವಕಮ್ಮ ಮುಂದಿನ ತುತ್ತು ಕಲಸಿದಳು. ಕಲಸುತ್ತಲೇ ಇದ್ದಳು. ಹೇಳಿದರೆ ಅವನು ಹಿಡಿದುಕೊಂಡಿರುವ ಆ ಒಂದು ಮಾತೂ ಹೋಗುತ್ತದೆ. ಹೇಳದಿದ್ದರೆ ಅದಕ್ಕೇ ಶಾಲು ಹೊದಿಸಿಕೊಳ್ಳಬೇಕು.

ಐತವಾರ ಅವನನ್ನು ಮಂಚದ ಸಮೇತ ಟಂಟಂ ಗಾಡಿಯಲ್ಲಿ ಹಾಕಿಕೊಂಡು ತೋಟದ ಮುಂದಿನ ಪೆಂಡಾಲಿಗೆ ಒಯ್ದರು. ಬಾಷುಮಿಯಾ ಅವನ ಬೆನ್ನಿಗೆ ಎರಡು ದಿಂಬು ಕೊಟ್ಟು ಗುಡ್ಡ ಕಾಣುವಂತೆ ಮಂಚ ತಿರುಗಿಸಿದ. ದುರಗಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. “ನನ್ನ ಲಗ್ನದಾಗೂ ಇಷ್ಟು ಮಂದಿ ಇರಲಿಲ್ಲ,” ಎಂದು ಖಾಜಾಹುಸೇನನ ಕಿವಿಯಲ್ಲಿ ಅಂದಳು. ಮೇಜಿನ ಮೇಲೆ ಮೂರು ಶಾಲು, ಮೂರು ತೆಂಗಿನಕಾಯಿ. ಲಾಲಿ ಅಪ್ಪನ ಮಂಚದ ಕಾಲು ಹಿಡಿದು ನೆಲ ನೋಡುತ್ತ ನಿಂತಿದ್ದಳು.

“ಬಂದ್ರು,” ಎಂದ ತಾಯಪ್ಪ, ಎಲ್ಲರಿಗಿಂತ ಮೊದಲು. ಗುಡ್ಡದ ನೆತ್ತಿಯಲ್ಲಿ ಬಣ್ಣದ ಚುಕ್ಕೆಗಳು ಕಾಣಿಸಿ, ಇಳಿಯುತ್ತ ದೊಡ್ಡವಾದವು. “ಮುಂದಿನವ ಏರಿನಾಗ ದಮ್ಮು ಖರ್ಚು ಮಾಡ್ಯಾನ, ಭುಜ ನೋಡು ಹೆಂಗ ಆಡಾಕತ್ತಾವ. ಹಿಂದಿನ ಹಳದಿ ಅಂಗಿ ಅವನ್ನ ಹಿಡೀತಾನ.” ಅವನ ಕೈ ಬರಿಗಾಳಿಯಲ್ಲಿ ಹಿಡಿಕೆ ಹಿಡಿದಿತ್ತು. ಸೊಂಟದ ಮೇಲಿನ ಮೈಯೆಲ್ಲ ತಿರುವಿಗೆ ತಕ್ಕಂತೆ ವಾಲುತ್ತಿತ್ತು. ದೇವಕಮ್ಮ ಅತ್ತ ನೋಡಲಾರದೆ ಬಳ್ಳಿಗಳ ಕಡೆ ನೋಡಿದಳು.

ಕೊನೆಯ ತಿರುವಿನಲ್ಲಿ ಹಳದಿ ಅಂಗಿಯ ಹುಡುಗನ ಚಕ್ರ ಮರಳಿಗೆ ಜಾರಿತು. ಸೈಕಲ್ ಒಂದು ಕಡೆ, ಅವನೊಂದು ಕಡೆ. ಹುಡುಗ ಅಂಗಾತ ಬಿದ್ದು ಅಲುಗಲಿಲ್ಲ. ಪೆಂಡಾಲಿನಲ್ಲಿದ್ದ ಮಂದಿ ಎದ್ದು ಓಡಿತು. “ನೆಲ ಬಿಡಸ್ರಿ, ಎತ್ತಿ ಕೂಡಸ್ರಿ,” ಎನ್ನುತ್ತ ದುರಗಮ್ಮ ಸೀರೆ ಎತ್ತಿಕಟ್ಟಿ ಓಡಿದಳು. ನಾಲ್ಕು ಕೈಗಳು ಆಗಲೇ ಹುಡುಗನ ಕಂಕುಳಿಗೆ ಇಳಿದಿದ್ದವು.

“ಎತ್ತಬ್ಯಾಡ್ರಿ!”

ಆ ಕೂಗು ತನ್ನದೇ ಎಂದು ದೇವಕಮ್ಮನಿಗೆ ತಿಳಿದದ್ದು ಕೂಗಿ ಓಡಿ ಹುಡುಗನ ಮುಂದೆ ಮೊಣಕಾಲೂರಿ ಎರಡೂ ಕೈ ಅಡ್ಡ ಹಿಡಿದ ಮೇಲೆಯೇ. “ಯಾರೂ ಮುಟ್ಟಬ್ಯಾಡ್ರಿ. ಎತ್ತಿದ್ರ ಕಾಲು ಹೋಗ್ತಾವ. ಬಾಗಿಸಿ ಕೂಡಿಸಿದ್ರ ನರ ಹರಿತೈತಿ. ಹಲಗಿ ತರ್ರಿ, ಹಲಗಿ ಮ್ಯಾಲೆ ಒಯ್ಯಬೇಕು ಅಂತ ಡಾಕ್ಟರು ಹೇಳ್ಯಾರ…”

ಹುಡುಗ ಕಣ್ಣು ತೆರೆದ. ತಾನೇ ಎದ್ದು ಕುಳಿತ. ತರಚಿದ ಮೊಣಕೈ ನೋಡಿಕೊಂಡು, “ಏನಾಗಿಲ್ರಿ ಅಮ್ಮಾರ, ಉಸಿರು ಹಿಡದಿತ್ತು, ಸರೀರಿ,” ಎಂದು ನಗುತ್ತ ಸೈಕಲ್ ಹತ್ತಿ ಹೋದ. ಮಂದಿಯೂ ನಕ್ಕಿತು. “ನಮ್ಮ ದೇವಕ್ಕ ಡಾಕ್ಟರಮ್ಮ ಆಗ್ಯಾಳ,” ಎಂದ ಬಾಷುಮಿಯಾ. ದುರಗಮ್ಮ ಮಾತ್ರ ನಿಂತಲ್ಲೇ ನಿಂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

ದೇವಕಮ್ಮ ಎದ್ದು ತಿರುಗಿದಳು. ದೂರವೇನಿರಲಿಲ್ಲ. ತಾಯಪ್ಪನಿಗೆ ಎಲ್ಲವೂ ಕೇಳಿಸಿತ್ತು. ಅವನು ನಗುತ್ತಿರಲಿಲ್ಲ. ಹಿಡಿಕೆ ಹಿಡಿದಂತಿದ್ದ ಕೈಗಳು ಮಡಿಲಿಗೆ ಬಿದ್ದಿದ್ದವು.

“ಯಾವ ಡಾಕ್ಟರು?” ಎಂದ. “ಯಾವಾಗ ಹೇಳಿದ್ದು?”

ಅವಳು ಮಂಚದ ತನಕ ನಡೆದು ಬಂದಳು. ಹೊದಿಕೆ ಸರಿಮಾಡಿದಳು. ಸರಿಯಾಗಿದ್ದ ದಿಂಬನ್ನು ಮತ್ತೆ ಸರಿಮಾಡಿದಳು. ಮೈಕಿನಲ್ಲಿ ಯಾರೋ ಅವಳ ಹೆಸರು ಕರೆಯುತ್ತಿದ್ದರು.

ಲಾಲಿ ಮಂಚದ ಕಾಲು ಬಿಟ್ಟು ಅವ್ವನ ಸೆರಗು ಹಿಡಿದಳು. ಅವಳನ್ನು ಕಳಿಸಲು ಅಲ್ಲಿ ಕೊಡವಿರಲಿಲ್ಲ, ಕೋಳಿಯಿರಲಿಲ್ಲ.

“ಅವ್ವ, ಅಪ್ಪ ಅವತ್ತು ಹಂಗ ಬಿಡ್ರಿ ಅಂದಿದ್ದ. ನಾನೂ ಒಂದು ಕಾಲು ಹಿಡಿದಿದ್ದೆ. ನಾವು ಎತ್ತಿದ್ದಕ್ಕೇನವ್ವ ಅಪ್ಪನ ಕಾಲು ಹೋಗಿದ್ದು?”